ಗಿರಿಜಕ್ಕನಿಗೆ ಸಾಥ್

ಮೂಡಿಗೆರೆಯ ಓಂಕಾರಮೂರ್ತಿಗೆ ಬಲಗೈ ಕೈಕೊಡಲು ಶುರುವಾದದ್ದು ಐವತ್ತೊಂಬತ್ತನೇ ವರ್ಷದಲ್ಲಿ. ಮೊದಲು ಅವನು ಬೈದದ್ದು ಕೈಯನ್ನಲ್ಲ, ಕೀಬೋರ್ಡನ್ನು. ಚಪ್ಪಲಿ ಕಚ್ಚಿದಾಗ ನಾವೆಲ್ಲ ಬೈಯುವುದು ಚಪ್ಪಲಿಯನ್ನೇ. ಕಾಲು ಊದಿರಬಹುದೆಂದು ಯಾರು ಬಗ್ಗಿ ನೋಡುತ್ತಾರೆ? ಕೀಬೋರ್ಡಿನ ಮೇಲೆ ಗೂಬೆ ಕೂರಿಸಲು ಕಾರಣವೂ ಇತ್ತೆನ್ನಿ. ಅದು ಮೊಳದುದ್ದವೂ ಇಲ್ಲದ, ಇಪ್ಪತ್ತೈದೇ ಕೀಗಳ ಪುಟ್ಟ ಮಿಡಿ ಕೀಬೋರ್ಡ್. ದಪ್ಪ ಬೆರಳಿನವರು ಒಂದು ಕೀ ಒತ್ತಲು ಹೋದರೆ ಪಕ್ಕದ್ದಕ್ಕೂ ತಾಗುವಷ್ಟು ಇಕ್ಕಟ್ಟು.

ಅದನ್ನು ಕೊರಿಯರ್‌ನಲ್ಲಿ ಕಳಿಸಿದವಳು ಚಿಕ್ಕಮಗಳೂರಿನಲ್ಲಿರುವ ಮಗಳು ಧನ್ಯಾ. ಮೊದಲಿದ್ದ ಅಡ್ಡ ಹಲಗೆಯಂಥ ದೊಡ್ಡ ಕೀಬೋರ್ಡನ್ನು ಜೀಪಿಗೆ ಹತ್ತಿಸಿ ಇಳಿಸಿ ಅಪ್ಪನ ಭುಜ ನೋಯುತ್ತದೆಂದು ಕೇಳಿ, ಚೀಲದೊಳಗೆ ಹಿಡಿಸುವಂಥದ್ದನ್ನೇ ಹುಡುಕಿ ತರಿಸಿದ್ದಳು. ಪೊಟ್ಟಣ ಬಿಚ್ಚಿದ ದಿನ ಓಂಕಾರಮೂರ್ತಿ ಎಲ್ಲ ಕೀಗಳನ್ನೂ ಒತ್ತಿ ನೋಡಿದ. ಒಂದೂ ಉಸಿರೆತ್ತಲಿಲ್ಲ. ಕೆಟ್ಟ ಮಾಲು ಬಂದಿದೆ ಎಂದು ವಾಪಸ್ ಕಟ್ಟುವುದರಲ್ಲಿದ್ದವನನ್ನು ತಡೆದದ್ದು ಸೊಹೈಲ್. ಮೂಡಿಗೆರೆಯಲ್ಲಿ ಮೈಕ್‌ಸೆಟ್ಟಿನ ವ್ಯವಹಾರ ಮಾಡುವ ಈ ಸೊಹೈಲ್ ಸಭೆ ಸಮಾರಂಭಗಳಿಗೆ ಸ್ಪೀಕರ್ ಹೊತ್ತು ತರುವ ಮನುಷ್ಯ, ವೈರುಗಳ ಸಂಗತಿ ಬಲ್ಲವನು.

"ಇದಕ್ಕೆ ಸ್ವಂತ ಸೌಂಡಿಲ್ಲ ಅಣ್ಣ. ಲ್ಯಾಪ್‌ಟಾಪಿಗೆ ಸಿಕ್ಕಿಸ್ಬೇಕು. ಇದು ಬರೀ ಹೇಳೋದು, ನುಡಿಸೋದು ಲ್ಯಾಪ್‌ಟಾಪು," ಎಂದು ಸೊಹೈಲ್ ವೈರು ಸಿಕ್ಕಿಸಿ ತೋರಿಸಿದ. ಹಾರ್ಮೋನಿಯಂ ಬೇಕೆಂದರೆ ಹಾರ್ಮೋನಿಯಂ, ಕೊಳಲು ಬೇಕೆಂದರೆ ಕೊಳಲು, ಜೊತೆಗೆ ತಬಲಾ, ತಂಬೂರಿ. ಕೀಗಳ ಮೇಲ್ಗಡೆ ರಬ್ಬರಿನ ಎಂಟು ಚೌಕದ ಪ್ಯಾಡುಗಳಿದ್ದವು. ಅವು ಏತಕ್ಕೆಂದು ಆವತ್ತು ಓಂಕಾರಮೂರ್ತಿ ಕೇಳಲೂ ಇಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಜೆರಾಕ್ಸ್ ಅಂಗಡಿ. ಅಂಗಡಿಯ ಹಿಂದೆ ಎರಡು ಕೋಣೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಅವನೊಬ್ಬನೇ. ಅನ್ನ ಹಾಕುತ್ತಿದ್ದದ್ದು ಜೆರಾಕ್ಸ್ ಆದರೂ, ಬಾಳೂರಿನಿಂದ ಕಳಸದವರೆಗೆ ಜನ ಅವನನ್ನು ಗುರುತಿಸುತ್ತಿದ್ದದ್ದು ಗಿರಿಜಾಂಬಾ ಅವರಿಗೆ ಸಾಥ್ ನುಡಿಸುವವನೆಂದು. ಗೃಹಪ್ರವೇಶ, ಮದುವೆ, ಸತ್ತವರ ಹೆಸರಿನಲ್ಲಿ ನಡೆಯುವ ಶಿವಗಣಾರಾಧನೆ, ಎಲ್ಲಿ ವಚನ ಹಾಡಿಸಬೇಕೆಂದರೂ ಕೊಟ್ಟಿಗೆಹಾರದ ಗಿರಿಜಕ್ಕನಿಗೊಂದು ಫೋನು, ಮೂಡಿಗೆರೆಯ ಓಂಕಾರಮೂರ್ತಿಗೊಂದು ಫೋನು. ಮೂವತ್ತೊಂದು ವರ್ಷದಿಂದ ಇದು ಹೀಗೇ ನಡೆದು ಬಂದಿತ್ತು.

ಸಾಥ್ ಎಂದರೆ ಹಿಂದೆ ಕೂತು ಕುಯ್ಯೋ ಎನ್ನಿಸುವುದೆಂದು ತಿಳಿದವರು ಬಹಳ ಜನ. ಗಿರಿಜಕ್ಕನಿಗೆ ನುಡಿಸುವುದು ಅಷ್ಟು ಸಲೀಸಾಗಿರಲಿಲ್ಲ. ಹಾಡುತ್ತಾ ಹಾಡುತ್ತಾ ಒಂದು ಸಾಲು ಮನಸ್ಸಿಗೆ ತಾಗಿದರೆ ಅವರು ಅದನ್ನು ಬಿಡುತ್ತಿರಲಿಲ್ಲ. ಎರಡು ಸಲ ಹಾಡುತ್ತಿದ್ದರು, ಮೂರು ಸಲ, ಒಮ್ಮೊಮ್ಮೆ ಐದು ಸಲ. ನಡುವೆ ಸುಮ್ಮನೆ ನಿಂತುಬಿಡುವುದೂ ಇತ್ತು. ಕೆಲವು ಸಲ ಒಂದು ಸಾಲನ್ನೇ ನುಂಗಿ ಮುಂದಕ್ಕೆ ಹಾರುತ್ತಿದ್ದರು. ಓಂಕಾರಮೂರ್ತಿ ಕೀಗಳನ್ನು ನೋಡದೆ ಅವರ ಗಂಟಲನ್ನೇ ನೋಡುತ್ತಾ ನುಡಿಸುತ್ತಿದ್ದ. ಅವರು ಉಸಿರೆಳೆದುಕೊಳ್ಳುವ ರೀತಿಯಲ್ಲೇ ಮುಂದೆ ಎಲ್ಲಿಗೆ ಹೋಗುತ್ತಾರೆಂದು ಅವನಿಗೆ ತಿಳಿಯುತ್ತಿತ್ತು. ಹಾರಿದರೆ ತಾನೂ ಹಾರುವುದು, ನಿಂತರೆ ತಾನೂ ನಿಲ್ಲುವುದು. ಹೀಗಾಗಿ ಗಿರಿಜಕ್ಕ ತಪ್ಪಿದ್ದು ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. "ಓಂಕಾರ ಹಿಂದೆ ಇದ್ರೆ ನನಗೆ ಗೋಡೆಗೆ ಒರಗಿ ಕೂತಂಗೆ," ಎಂದು ಅವರು ಎಲ್ಲರ ಮುಂದೆ ಹೇಳುತ್ತಿದ್ದರು. ಅವನ ಬದುಕಿನಲ್ಲಿ ಯಾರೂ ಅವನ ಬಗ್ಗೆ ಅದಕ್ಕಿಂತ ದೊಡ್ಡ ಮಾತು ಆಡಿರಲಿಲ್ಲ.

ಇಂಥವನ ಬೆರಳು ತಡವಾಗಿ ಬೀಳಲು ಶುರುವಾಯಿತು. ತಡ ಎಂದರೆ ಕಣ್ಣು ಮಿಟುಕಿಸುವಷ್ಟು. ಕೀಗಳು ಸಣ್ಣವು, ಅಭ್ಯಾಸವಾಗಬೇಕು ಎಂದುಕೊಂಡ. ಅಟ್ಟದಿಂದ ಹಳೆಯ ಹಾರ್ಮೋನಿಯಂ ಇಳಿಸಿ ನುಡಿಸಿ ನೋಡಿದ. ಅಲ್ಲೂ ಅಷ್ಟೇ. ಆಮೇಲೆ ಸುಮ್ಮನೆ ಕೂತಿದ್ದಾಗ ಹೆಬ್ಬೆರಳು ತನ್ನಷ್ಟಕ್ಕೆ ನಡುಗುವುದು ಕಂಡಿತು. ಹಾಸನಕ್ಕೆ ಹೋಗಿ ನರದ ಡಾಕ್ಟರಿಗೆ ತೋರಿಸಿದ. ಪಾರ್ಕಿನ್ಸನ್ ಕಾಯಿಲೆ, ಗುಣವಾಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು ಎಂದರು. ಸಕ್ಕರೆ ಕಾಯಿಲೆಗೆ ತೋರಿಸಿಕೊಂಡು ಬಂದೆ ಎಂದು ಮಗಳಿಗೆ ಫೋನ್ ಮಾಡಿದ.

ಈ ಮಾತು ಹೊರಗೆ ಬಿದ್ದರೆ ಮಾರನೆಯ ದಿನವೇ ಜನ ಬೇರೆಯವರನ್ನು ಹುಡುಕುತ್ತಾರೆಂದು ಅವನ ಲೆಕ್ಕ. "ಪಾಪ ಓಂಕಾರಣ್ಣಂಗೆ ಯಾಕೆ ತೊಂದ್ರೆ ಕೊಡೋದು" ಎಂದು ಕರುಣೆಯಿಂದಲೇ ಕೈಬಿಡುತ್ತಾರೆ. ಆಮೇಲೆ ಉಳಿಯುವುದು ಆಧಾರ್ ಕಾರ್ಡಿನ ಎರಡೂ ಬದಿ ಜೆರಾಕ್ಸ್ ತೆಗೆಯುವ ಮುದುಕ. ಅವನಿಗೆ ಸಾವಿಗಿಂತ ಹೆಚ್ಚು ಹೆದರಿಕೆಯಾದದ್ದು ಆ ಮುದುಕನನ್ನು ನೆನೆದು. ಆಗ ಅವನ ಕಣ್ಣು ಆ ಎಂಟು ಪ್ಯಾಡುಗಳ ಮೇಲೆ ಬಿತ್ತು.

"ಮೊದಲೇ ನುಡಿಸಿ ಇಟ್ಕೊಂಡಿರೋದನ್ನ ಇದಕ್ಕೆ ಕೂರಿಸ್ಬಹುದು ಅಣ್ಣ. ಒಂದು ಸಲ ತಟ್ಟಿದ್ರೆ ಶುರುವಿಂದ ನುಡೀತದೆ. ಈಗ ಎಲ್ರೂ ಹಂಗೇ ಮಾಡೋದು," ಎಂದು ಸೊಹೈಲ್ ಕಲಿಸಿಕೊಟ್ಟ. ಎಂತಕ್ಕೆ ಬೇಕೆಂದು ಅವನು ಕೇಳಲಿಲ್ಲ.

ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಕೈ ಸ್ವಲ್ಪ ಮಾತು ಕೇಳುತ್ತಿತ್ತು. ಆ ಒಂದು ಗಂಟೆಯಲ್ಲಿ ಅಂಗಡಿಯ ಶಟರ್ ಅರ್ಧ ಎಳೆದು ಓಂಕಾರಮೂರ್ತಿ ನುಡಿಸಿ ಇಡತೊಡಗಿದ. ತಡವಾಗಿ ಬಿದ್ದ ಸ್ವರಗಳು ಲ್ಯಾಪ್‌ಟಾಪಿನ ಪರದೆಯ ಮೇಲೆ ಪುಟ್ಟ ಪಟ್ಟಿಗಳಾಗಿ ಕಾಣುತ್ತಿದ್ದವು. ಅವನ್ನು ಒಂದೊಂದಾಗಿ ಹಿಡಿದು ಸರಿಯಾದ ಜಾಗಕ್ಕೆ ಎಳೆದ. ಗಿರಿಜಕ್ಕ ಸಾಲುಗಳನ್ನು ಮತ್ತೆ ಮತ್ತೆ ಹಾಡುತ್ತಾರಲ್ಲ, ಅದಕ್ಕಾಗಿ ಪ್ರತಿ ಹಾಡನ್ನೂ ತುಂಡು ಮಾಡಿ ಒಂದೊಂದು ಪ್ಯಾಡಿಗೆ ಒಂದೊಂದು ಸಾಲು ಕೂರಿಸಿದ. ಅವರು ಅದೇ ಸಾಲು ಹಿಡಿದರೆ ಇವನು ಅದೇ ಪ್ಯಾಡ್ ತಟ್ಟಿದರಾಯಿತು. ಅವರು ನಿಂತರೆ ತಂಬೂರಿಯೊಂದೇ ಕೇಳುವಂತೆ ಮಾಡಿಕೊಂಡ. ಗಿರಿಜಕ್ಕ ಎದುರಿಲ್ಲದಿದ್ದರೂ ಅವರ ಉಸಿರನ್ನು ಮನಸ್ಸಿನಲ್ಲೇ ಕೇಳಿಸಿಕೊಂಡು ಎರಡು ತಿಂಗಳು ಈ ಕೆಲಸ ಮಾಡಿದ. ಮೋಸಕ್ಕೆ ಇಷ್ಟು ಶ್ರದ್ಧೆ ಬೇಕಿತ್ತೇ ಎಂದು ನೀವು ಕೇಳಬಹುದು. ಅದು ಮೋಸ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ, ನುಡಿಸಿದವನು ತಾನೇ ತಾನೆ.

ಮೊದಲ ಎರಡು ಕಾರ್ಯಕ್ರಮ ಸಾಂಗವಾಗಿ ನಡೆದವು. ಎಡಗೈ ಪ್ಯಾಡಿನ ಮೇಲೆ, ಬಲಗೈ ಸುಮ್ಮನೆ ಕೀಗಳ ಮೇಲೆ ಓಡಾಡುತ್ತಿತ್ತು. ಕೀಗಳ ಸದ್ದನ್ನು ಅವನು ಮೊದಲೇ ಅಡಗಿಸಿಟ್ಟಿದ್ದ. "ಈಚೆಗೆ ನಿನ್ನ ಕೈ ಇನ್ನೂ ಹದವಾಗಿದೆ ಮಾರಾಯ," ಎಂದರು ಗಿರಿಜಕ್ಕ. ಅವನು ನಾಚಿ ನಕ್ಕ. ಕಾಯಿಲೆ ಎಡಗೈಗೂ ಇಳಿಯುತ್ತಿರುವುದು ಅವನಿಗೆ ಆ ಹೊತ್ತಿಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ಬಾಳೂರಿನ ಜಯಪ್ರಕಾಶರ ಎಸ್ಟೇಟಿನಿಂದ ಕರೆ ಬಂತು. ಅವರ ತಾಯಿ ತೀರಿಕೊಂಡಿದ್ದರು, ಶಿವಗಣಾರಾಧನೆ. ಗಿರಿಜಕ್ಕನಿಗೆ ಅದು ಬರೀ ಕಾರ್ಯಕ್ರಮವಲ್ಲ. ಅವರ ಗಂಡ ಅದೇ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ರೈಟರ ಹೆಂಡತಿ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುವುದನ್ನು ಕೇಳಿ, ಕರೆದು ಕೂರಿಸಿ, ನಾಲ್ಕು ಜನರ ಮುಂದೆ ಮೊದಲ ಸಲ ಹಾಡಿಸಿದವರು ಆ ತಾಯಿಯೇ. ಆ ಕಾಲಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಕಾಫಿ ಒಣಗಿಸುವ ಕಣದಲ್ಲೇ ಶಾಮಿಯಾನ ಹಾಕಿದ್ದರು. ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಒಂದು ಮೂಲೆಗೆ ರಾಶಿ ಮಾಡಿ ಟಾರ್ಪಾಲು ಹೊದಿಸಿತ್ತು. ಹನ್ನೊಂದು ಗಂಟೆಯ ಬಿಸಿಲು. ವಿಭೂತಿ ಹಚ್ಚಿದ ಫೋಟೋ ಮುಂದೆ ಗಿರಿಜಕ್ಕ ಕೂತರು, ಪಕ್ಕದಲ್ಲಿ ಓಂಕಾರಮೂರ್ತಿ, ಎದುರು ಮೈಕಿನ ದನಿ ಹೊಂದಿಸುವ ಮಿಕ್ಸರ್ ಹತ್ತಿರ ಸೊಹೈಲ್. ಪುಟ್ಟ ಕೀಬೋರ್ಡ್ ನೋಡಿ ಮುಂದೆ ಕೂತಿದ್ದ ಒಬ್ಬರು, "ಎಂತ ಓಂಕಾರಣ್ಣ, ಮೊಮ್ಮಗಳ ಆಟಿಕೆ ತಂದಿರಾ?" ಎಂದು ನಗಿಸಿದರು. ಎರಡು ಹಾಡು ಯಾವ ತೊಂದರೆಯೂ ಇಲ್ಲದೆ ಮುಗಿದವು.

ಮೂರನೆಯದು ಆ ತಾಯಿಗೆ ತುಂಬ ಇಷ್ಟವಾಗಿದ್ದ ಹಾಡು. ಎರಡನೇ ಸಾಲಿಗೆ ಬಂದಾಗ ಜಯಪ್ರಕಾಶರು ಕೈಮುಗಿದು, "ಅಕ್ಕ, ಅಮ್ಮ ಈ ಸಾಲನ್ನ ಯಾವಾಗ್ಲೂ ಮತ್ತೆ ಹೇಳಿಸ್ತಿದ್ರು. ಇನ್ನೊಂದ್ಸಲ," ಎಂದರು. ಗಿರಿಜಕ್ಕ ಮತ್ತೆ ಹಾಡಿದರು. ಓಂಕಾರಮೂರ್ತಿ ಅದೇ ಪ್ಯಾಡ್ ತಟ್ಟಿದ. ಇನ್ನೊಮ್ಮೆ ಹಾಡಿದರು, ಇನ್ನೂ ಮೆಲುದನಿಯಲ್ಲಿ. ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮುಗಿಸಿ ಮೂರನೇ ಸಾಲಿಗೆ ಹೋಗುವ ಮೊದಲು ಸುಮ್ಮನೆ ನಿಂತರು. ಓಂಕಾರಮೂರ್ತಿಯ ಬೆರಳು ಮೂರನೇ ಪ್ಯಾಡಿನ ಮೇಲೆ ಕಾಯುತ್ತಾ ನಿಂತಿತು. ಕಾಯುವುದೊಂದೇ ಈಗ ಆ ಬೆರಳಿಗೆ ಆಗದ ಕೆಲಸ. ಓಡಾಡುತ್ತಿದ್ದರೆ ಒಂದಿಷ್ಟು ಹತೋಟಿಯಲ್ಲಿರುತ್ತಿತ್ತು, ಸುಮ್ಮನೆ ನಿಲ್ಲಿಸಿದರೆ ನಡುಗುತ್ತಿತ್ತು.

ಗಿರಿಜಕ್ಕ ಉಸಿರೆಳೆದು ಮೂರನೇ ಸಾಲು ಹಿಡಿದರು. ಅವನು ತಟ್ಟಿದ. ಅವರು ಎರಡು ಪದ ಹಾಡುವುದರಲ್ಲಿ ಬೆರಳು ಇನ್ನೊಂದು ಸಲ ಪ್ಯಾಡಿಗೆ ಬಡಿಯಿತು. ಸಂಗೀತ ಕತ್ತರಿಸಿದಂತೆ ನಿಂತು ಮತ್ತೆ ಮೊದಲಿನಿಂದ ಶುರುವಾಯಿತು. ಅವರು ಗಾಬರಿಯಾಗಿ ಹಿಂದಕ್ಕೆ ಬಂದು ಸಾಲಿನ ಮೊದಲ ಪದ ಹಿಡಿಯುವಷ್ಟರಲ್ಲಿ ಗಾಬರಿಯಾದ ಬೆರಳು ಜಾರಿ ಪಕ್ಕದ ಪ್ಯಾಡಿಗೆ ಬಿತ್ತು. ಈಗ ನಾಲ್ಕನೇ ಸಾಲು ನುಡಿಯತೊಡಗಿತು. ಹಾಡು ಒಂದು ಕಡೆ, ಸಾಥ್ ಇನ್ನೊಂದು ಕಡೆ.

ಗಿರಿಜಕ್ಕ ತಿರುಗಿ ಅವನನ್ನು ನೋಡಿದರು. ಮೂವತ್ತೊಂದು ವರ್ಷದಲ್ಲಿ ಹಾಡುತ್ತಾ ಅವರು ಅವನ ಕಡೆ ತಿರುಗಿ ನೋಡಿದ್ದು ಅದೇ ಮೊದಲು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಎಲ್ಲಿದ್ದೀನಿ, ಹೇಳು ಎಂದು ಕೇಳುವಂತಿತ್ತು. ಓಂಕಾರಮೂರ್ತಿ ತಲೆ ಬಗ್ಗಿಸಿ ಲ್ಯಾಪ್‌ಟಾಪ್ ನೋಡಿದ.

"ತಪ್ಪಾಯ್ತು," ಎಂದರು ಗಿರಿಜಕ್ಕ ಮೈಕಿನಲ್ಲೇ, ಜನರಿಗೆ ಕೈಮುಗಿದು. "ಸಾಲು ತಪ್ಪಿಹೋಯ್ತು ನನಗೆ. ಕ್ಷಮಿಸ್ಬೇಕು."

ಜನ ಒಳ್ಳೆಯವರು. ಪಾಪ, ದುಃಖದಲ್ಲಿದ್ದಾರೆ ಎಂದರು, ನೀರು ತಂದುಕೊಟ್ಟರು, ಏನೂ ಆಗಿಲ್ಲವೆಂದು ಜಯಪ್ರಕಾಶರೇ ಬಂದು ಸಮಾಧಾನ ಹೇಳಿದರು. ಗಿರಿಜಕ್ಕ ಇನ್ನೆರಡು ಹಾಡು ಪುಸ್ತಕ ನೋಡಿಕೊಂಡು ಹಾಡಿ ಮುಗಿಸಿದರು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟುಕೊಂಡೇ ಹಾಡಿದರು.

ಸ್ಪೀಕರ್ ಇಳಿಸುವಾಗ ಸೊಹೈಲ್ ಹತ್ತಿರ ಬಂದು ಮೆಲ್ಲಗೆ, "ಪ್ಯಾಡಿಗೆ ಎರಡು ಸಲ ಬಿತ್ತು ಅಲ್ವಾ ಅಣ್ಣ? ನಿಮ್ಮ ಕೈಗೆ ಎಂತಾಗಿದೆ?" ಎಂದ.

"ನೀನು ನಿನ್ನ ವೈರ್ ಸುತ್ತು," ಎಂದ ಓಂಕಾರಮೂರ್ತಿ.

ವಾಪಸ್ ಬರುವಾಗ ಜೀಪು ಕೊಟ್ಟಿಗೆಹಾರದಲ್ಲಿ ನಿಂತಿತು. ಇಳಿಯುತ್ತಾ ಗಿರಿಜಕ್ಕ ಹೇಳಿದರು: "ನಮ್ಮಮ್ಮಂಗೂ ಮರೆವು ಹಿಂಗೇ ಶುರುವಾಗಿದ್ದು ಓಂಕಾರ. ಬರೀ ಪಾತ್ರೆ ಒಲೆ ಮೇಲಿಟ್ಟು, ಅನ್ನ ಆಯ್ತಾ ನೋಡು ಅಂತಿದ್ರು." ಆಗ ಬಾಯಿ ಬಿಡಬಹುದಿತ್ತು. ಜೀಪಿನಲ್ಲಿ ಬೇರೆ ಜನರಿದ್ದರು ಎಂದು ಅವನು ಆಮೇಲೆ ತನಗೆ ತಾನೇ ನೆಪ ಹೇಳಿಕೊಂಡ.

ಒಂದು ವಾರ ಬಿಟ್ಟು ಫೋನ್ ಬಂತು. ಆಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಆ ನೆಪಕ್ಕೂ ಜಾಗವಿರಲಿಲ್ಲ.

"ನಿಜ ಹೇಳು ಮಾರಾಯ. ಇಲ್ಲಿ ಎಲ್ರೂ ಎಂತ ಆಗಿಲ್ಲ, ಎಂತ ಆಗಿಲ್ಲ ಅಂತಾರೆ. ಪಕ್ಕದಲ್ಲೇ ಇದ್ದವನು ನೀನು. ಆವತ್ತು ತಪ್ಪಿದ್ದು ನಾನೇ ಅಲ್ವಾ?"

ಅಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಓಂಕಾರಮೂರ್ತಿ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದ. "ಹೌದಕ್ಕ," ಎಂದ. "ಒಂದು ಸಾಲು ಬಿಟ್ಟು ಮುಂದೆ ಹೋದ್ರಿ. ನಾನು ಹಿಡಿಯೋಕೆ ನೋಡಿದೆ, ಆಗ್ಲಿಲ್ಲ. ವಯಸ್ಸಿಗೆ ಆಗ್ತದೆ, ತಲೆ ಕೆಡಿಸ್ಕೋಬೇಡಿ."

"ಸರಿ," ಎಂದರು ಗಿರಿಜಕ್ಕ. "ನಿಜ ಹೇಳಿದ್ಯಲ್ಲ, ಅಷ್ಟು ಸಾಕು," ಎಂದು ಫೋನ್ ಇಟ್ಟರು.

ಅವನನ್ನು ಕೆಟ್ಟವನೆಂದು ಕರೆಯುವುದು ಸುಲಭ, ಕರೆಯಬೇಕೆಂದು ನನಗೂ ಅನ್ನಿಸುತ್ತದೆ. ಹೆದರಿಕೊಂಡ ಮನುಷ್ಯ ಒಂದು ವಾಕ್ಯದಲ್ಲಿ ಎಷ್ಟು ಹಾಳು ಮಾಡಬಲ್ಲ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ ಅಷ್ಟೇ. ಒಂದೆರಡು ತಿಂಗಳು ಹಾಡಲಿಕ್ಕಿಲ್ಲ, ಆಮೇಲೆ ತಾವೇ ಬರುತ್ತಾರೆ ಎಂದುಕೊಂಡ. ನಡುವೆ ಚಿಕ್ಕಮಗಳೂರಿನ ಒಬ್ಬ ಗಾಯಕಿಯ ಜೊತೆ ಒಂದು ಮದುವೆಯಲ್ಲಿ ಕೂತ. ಆಕೆ ಮೊಬೈಲ್ ನೋಡಿಕೊಂಡು ಪ್ಯಾಡಿಗೆ ಸರಿಯಾಗಿ ಹಾಡಿ, ಎಲ್ಲೂ ನಿಲ್ಲದೆ, ಹೇಳಿದ ಹೊತ್ತಿಗೆ ಮುಗಿಸಿ ಹೋದಳು. ಒಂದು ತಪ್ಪೂ ಆಗಲಿಲ್ಲ. ಮನೆಗೆ ಬಂದು ಅವನು ಊಟ ಮಾಡದೆ ಮಲಗಿದ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಗಿರಿಜಕ್ಕನ ಸೊಸೆ ಅರ್ಚನಾ ಅಂಗಡಿಗೆ ಬಂದಳು. ಆಸ್ಪತ್ರೆಯ ಕಾಗದಗಳು, ಎರಡೆರಡು ಪ್ರತಿ ಬೇಕಿತ್ತು. ಓಂಕಾರಮೂರ್ತಿ ಒಂದೊಂದೇ ಹಾಳೆಯನ್ನು ಗಾಜಿನ ಮೇಲೆ ಇಡುತ್ತಾ ಓದಿದ. ಓದಬಾರದಿತ್ತು, ಆದರೆ ಹೆಸರು ಕಣ್ಣಿಗೆ ಬಿದ್ದ ಮೇಲೆ ಬಿಡುವುದು ಹೇಗೆ? ಗಿರಿಜಾಂಬಾ, ಅರವತ್ನಾಲ್ಕು ವರ್ಷ, ಮರೆವಿನ ಪರೀಕ್ಷೆ.

"ನೂರರಿಂದ ಏಳೇಳು ಕಳೀತಾ ಬನ್ನಿ ಅಂದ್ರಂತೆ ಡಾಕ್ಟ್ರು," ಎಂದಳು ಅರ್ಚನಾ. "ತೊಂಬತ್ಮೂರು ಅಂದೋರು ಅಲ್ಲೇ ಅತ್ತುಬಿಟ್ರು. ಮುಂದೆ ಬಾಯೇ ಬಿಡ್ಲಿಲ್ಲ. ಹೆದರಿಕೆಯಿಂದ್ಲೂ ಹಂಗಾಗ್ತದೆ, ನೋಡೋಣ ಅಂತ ಮಾತ್ರೆ ಕೊಟ್ಟಿದ್ದಾರೆ. ಈಗ ಒಬ್ರೇ ಅಂಗಡಿಗೂ ಹೋಗಲ್ಲ. ಗ್ಯಾಸ್ ಹಚ್ಚಲ್ಲ. ನಾವು ಎಷ್ಟು ಹೇಳಿದ್ರೂ ಕೇಳಲ್ಲ. 'ಓಂಕಾರ ಸುಳ್ಳು ಹೇಳಲ್ಲ' ಅಂತ ಒಂದೇ ಮಾತು. ನೀವಾದ್ರೂ ಬಂದು ಏನಾದ್ರೂ ಹೇಳಿ ಅಣ್ಣ."

ಅವಳು ಹೋದ ಮೇಲೆ ಅವನು ಜೆರಾಕ್ಸ್ ಮೆಷಿನ್ನಿನ ಮೇಲೆ ಎರಡೂ ಕೈ ಊರಿ ಬಹಳ ಹೊತ್ತು ನಿಂತಿದ್ದ. ನಡುಕ ಮೆಷಿನ್ನಿನದೋ ತನ್ನದೋ ತಿಳಿಯುತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಸಂಜೆ ಸೊಹೈಲನ ಅಂಗಡಿಗೆ ಹೋಗಿ ಎಲ್ಲ ಹೇಳಿದ. ಕಾಯಿಲೆ, ಮಾತ್ರೆ, ಪ್ಯಾಡು, ಫೋನು, ಒಂದನ್ನೂ ಬಿಡಲಿಲ್ಲ.

ಸೊಹೈಲ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಕಾಯಿಲೆ ಮುಚ್ಚಿಟ್ಟಿದ್ದು ಬಿಡಿ ಅಣ್ಣ, ಅದು ನಿಮ್ಮ ಕೈ, ನಿಮ್ಮಿಷ್ಟ. ಆದ್ರೆ ಆಯಮ್ಮನ ತಲೆ ಸರಿ ಇಲ್ಲ ಅಂತ ನೀವು ಹೇಳಬಾರದಿತ್ತು," ಎಂದ. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಬೈದಿದ್ದರೆ ಓಂಕಾರಮೂರ್ತಿಗೆ ಹಗುರಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಇಬ್ಬರೂ ಸೊಹೈಲನ ಗೂಡ್ಸ್ ಆಟೋದಲ್ಲಿ, ಕೀಬೋರ್ಡನ್ನೂ ಲ್ಯಾಪ್‌ಟಾಪನ್ನೂ ಚೀಲದಲ್ಲಿಟ್ಟುಕೊಂಡು ಕೊಟ್ಟಿಗೆಹಾರಕ್ಕೆ ಹೊರಟರು. ಒಂದು ಮಾತಿನಲ್ಲಿ ಕೆಡಿಸಿದ್ದನ್ನು ಒಂದು ಮಾತಿನಲ್ಲಿ ಸರಿ ಮಾಡಬಹುದೆಂದು ಓಂಕಾರಮೂರ್ತಿ ನಂಬಿದ್ದ.

ಗಿರಿಜಕ್ಕನ ಮಗನ ಹೋಟೆಲ್ ರಸ್ತೆ ಬದಿಗಿದೆ, ಮನೆ ಅದರ ಹಿಂದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹಿಂದಿನ ಶೆಲ್ಫಿನಲ್ಲಿ ಡಬ್ಬಿಗಳ ಮೇಲೆಲ್ಲ ಕಾಗದ ಅಂಟಿಸಿತ್ತು: ಉಪ್ಪು, ರವೆ, ಸಕ್ಕರೆ. ಅಕ್ಷರ ಗಿರಿಜಕ್ಕನದೇ. ಅವರು ಎರಡು ತಿಂಗಳಲ್ಲಿ ಸೊರಗಿಹೋಗಿದ್ದರು. ಇವರನ್ನು ನೋಡಿ ಮಾತ್ರ ಮುಖ ಅರಳಿತು. "ಬಾ ಓಂಕಾರ, ಬಾ ಸೊಹೈಲು. ಅರ್ಚನಾ, ಕಾಫಿ ಇಡಮ್ಮ. ನಾನು ಈಗ ಒಲೆ ಹತ್ರ ಹೋಗಲ್ಲ," ಎಂದರು.

ಓಂಕಾರಮೂರ್ತಿ ಕೂರಲಿಲ್ಲ. ನಿಂತೇ ಹೇಳಿದ. "ಅಕ್ಕ, ಆವತ್ತು ತಪ್ಪಿದ್ದು ನೀವಲ್ಲ, ನಾನು. ನನಗೆ ನಡುಕದ ಕಾಯಿಲೆ. ನುಡಿಸೋಕೆ ಆಗ್ತಾ ಇರ್ಲಿಲ್ಲ. ಮೊದ್ಲೇ ನುಡಿಸಿ ಇಟ್ಟಿದ್ದನ್ನ ಇದರಲ್ಲಿ ಹಾಕ್ತಿದ್ದೆ. ಬೆರಳು ಎರಡು ಸಲ ಬಿತ್ತು, ಅದಕ್ಕೇ ಹಂಗಾಯ್ತು. ಫೋನಲ್ಲಿ ನಿಮಗೆ ಸುಳ್ಳು ಹೇಳಿದೆ."

ಗಿರಿಜಕ್ಕ ಬೆಳ್ಳುಳ್ಳಿಯ ತಟ್ಟೆ ಪಕ್ಕಕ್ಕಿಟ್ಟು ಅವನ ಮುಖ ನೋಡಿದರು. ಆಮೇಲೆ ಸೊಹೈಲನ ಮುಖ ನೋಡಿದರು.

"ಹೌದಮ್ಮ, ನಾನು ಕಣ್ಣಾರೆ ನೋಡಿದ್ದೀನಿ," ಎಂದ ಸೊಹೈಲ್.

ಅವರು ಸಣ್ಣಗೆ ನಕ್ಕರು. "ನಿಮ್ಮಿಬ್ರನ್ನ ಕಳಿಸಿದ್ದು ಅರ್ಚನಾ ಅಲ್ವಾ? ನಿನ್ನೆ ಮೂಡಿಗೆರೆಗೆ ಹೋಗಿದ್ಲು."

"ಅಲ್ಲ ಅಕ್ಕ. ನೋಡಿ," ಎಂದು ಅವನು ಕೈ ಚಾಚಿದ. ಕೈ ನಡುಗುತ್ತಿತ್ತು. ಗಿರಿಜಕ್ಕ ತಮ್ಮ ಕೈಯನ್ನೂ ಅದರ ಪಕ್ಕ ಚಾಚಿದರು. ಅದೂ ಸಣ್ಣಗೆ ನಡುಗಿತು. "ನಮ್ಮ ವಯಸ್ಸಲ್ಲಿ ಯಾರ ಕೈ ನಿಲ್ತದೆ?" ಎಂದರು. ಅವನು ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದ. ಅವರು ಕಿಟಕಿಯ ಮೇಲಿದ್ದ ತಮ್ಮ ಮಾತ್ರೆಗಳ ಕಡೆ ಗದ್ದ ತೋರಿಸಿದರು.

ಓಂಕಾರಮೂರ್ತಿ ಸ್ಟೂಲಿನ ಮೇಲೆ ಕೀಬೋರ್ಡ್ ಇಟ್ಟು ವೈರು ಸಿಕ್ಕಿಸಿದ. ಮೂರು ಸಲ ಪ್ರಯತ್ನಿಸಿದರೂ ವೈರು ತೂತಿಗೆ ಹೋಗದೆ, ಕೊನೆಗೆ ಸೊಹೈಲನೇ ಸಿಕ್ಕಿಸಬೇಕಾಯಿತು. ಅದೇ ಹಾಡಿನ ಮೂರನೇ ಸಾಲಿನ ಪ್ಯಾಡ್ ತಟ್ಟಿದ. ಸಂಗೀತ ಶುರುವಾಗುವುದರಲ್ಲಿ ಬೆರಳು ಮತ್ತೆ ಬಡಿಯಿತು, ಕತ್ತರಿಸಿ ಮತ್ತೆ ಶುರುವಾಯಿತು. "ಹಿಂಗೇ ಅಕ್ಕ, ಹಿಂಗೇ ಆಗಿದ್ದು," ಎಂದ. ತನ್ನ ಕಾಯಿಲೆ ಕಂಡು ಅವನಿಗೆ ಮೊದಲ ಸಲ ಖುಷಿಯಾಗಿತ್ತು.

"ಬೇಕಂತಲೇ ಎರಡು ಸಲ ಒತ್ತಿದೆ. ನನಗೆ ಕಣ್ಣು ಕಾಣ್ತದೆ ಮಾರಾಯ," ಎಂದರು ಗಿರಿಜಕ್ಕ.

"ಇಲ್ಲಕ್ಕ. ಆಣೆ ಮಾಡಿ ಹೇಳ್ತೀನಿ."

"ಆಣೆ ಎಲ್ಲ ಬೇಡ. ಕೂತ್ಕೋ." ಅವರು ಅವನ ನಡುಗುವ ಕೈಯನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಮಗ ಎಂತ ಆಗಿಲ್ಲ ಅಂದ, ಸೊಸೆ ಎಂತ ಆಗಿಲ್ಲ ಅಂದ್ಲು, ಜಯಪ್ರಕಾಶ್ ಅವ್ರೂ ಅದೇ ಅಂದ್ರು. ಅವರಿಗೆ ನನ್ನ ಮೇಲೆ ಪ್ರೀತಿ, ಹೇಳ್ತಾರೆ. ನೀನೊಬ್ಬ ಮಾತ್ರ ಇದ್ದಿದ್ದು ಇದ್ದಂಗೆ ಹೇಳ್ದೆ. ಅದನ್ನ ಹಿಡ್ಕೊಂಡು ನಾನು ಹೆಂಗೋ ಗಟ್ಟಿಯಾಗಿ ಕೂತಿದ್ದೀನಿ. ಈಗ ನೀನೂ ಅವರ ಜೊತೆ ಸೇರ್ಕೊಂಡ್ರೆ ನನಗೆ ಯಾರಿದ್ದಾರೆ ಹೇಳು."

ಸುಳ್ಳು ಹೇಳಿದಾಗ ನಂಬಿದವರನ್ನು ನಿಜ ಹೇಳಿ ನಂಬಿಸುವುದು ಹೇಗೆಂದು ಓಂಕಾರಮೂರ್ತಿಗೆ ಗೊತ್ತಿರಲಿಲ್ಲ. ಕೊನೆಗೆ, "ಹಾಡಿ ಅಕ್ಕ. ಈ ಪೆಟ್ಟಿಗೆ ಬೇಡ, ಎಂತದೂ ಬೇಡ. ಸುಮ್ನೆ ಹಾಡಿ. ನಿಮಗೆ ಎಂತ ಆಗಿಲ್ಲ ಅಂತ ನಿಮಗೇ ಗೊತ್ತಾಗ್ತದೆ," ಎಂದು ಬೇಡಿಕೊಂಡ.

ಬಹಳ ಹೊತ್ತು ಒಲ್ಲೆ ಎಂದವರು ಕೊನೆಗೆ ಅವನ ಮುಖ ನೋಡಿ ಹಾಡಿದರು. ಮೊದಲ ಸಾಲು ಬಂತು. ಎರಡು ತಿಂಗಳು ಹಾಡದ ಗಂಟಲಾದರೂ ದನಿ ಮೊದಲಿನಂತೆಯೇ ಇತ್ತು. ಅಡುಗೆಮನೆಯಿಂದ ಅರ್ಚನಾ ಬಂದು ಬಾಗಿಲಲ್ಲಿ ನಿಂತಳು. ಎರಡನೇ ಸಾಲು ಬಂತು. ಓಂಕಾರಮೂರ್ತಿ ಅಭ್ಯಾಸದಂತೆ ಅವರ ಗಂಟಲನ್ನೇ ನೋಡುತ್ತಿದ್ದ. ಅವರು ಉಸಿರೆಳೆದರು. ಆ ಉಸಿರಿನಲ್ಲೇ ಅವನಿಗೆ ಗೊತ್ತಾಯಿತು. ಮೂರನೇ ಸಾಲು ಅಲ್ಲಿರಲಿಲ್ಲ. ಅವರು ಹಾಡುತ್ತಿರಲಿಲ್ಲ, ತಪ್ಪುತ್ತೇನೋ ಎಂದು ತಮ್ಮನ್ನು ತಾವೇ ಕಾವಲು ಕಾಯುತ್ತಿದ್ದರು.

ಗಿರಿಜಕ್ಕ ಕಣ್ಣು ಮುಚ್ಚಿ ಹುಡುಕಿದರು. ಸಾವಿರ ಸಲ ಹಾಡಿದ ಸಾಲು. ಹೊರಗೆ ಹೋಟೆಲಿನಲ್ಲಿ ಯಾರೋ ದೋಸೆ ಕೇಳುವುದು ಕೇಳಿಸುತ್ತಿತ್ತು. ತಡೆಯಲಾರದೆ ಓಂಕಾರಮೂರ್ತಿ ಮೆಲ್ಲಗೆ ಆ ಸಾಲಿನ ಮೊದಲ ಪದ ಹೇಳಿಕೊಟ್ಟ.

"ನೋಡು," ಎಂದರು ಅವರು ಕಣ್ಣು ತೆರೆದು. ಅವರ ದನಿಯಲ್ಲಿ ಅಳುವಿರಲಿಲ್ಲ. "ನಿನಗೆ ನೆನಪಿದೆ, ನನಗಿಲ್ಲ."

ಅರ್ಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಸೊಹೈಲ್ ಬಗ್ಗಿ ಸುಮ್ಮನೆ ವೈರು ಬಿಚ್ಚತೊಡಗಿದ. ಹೆದರಿಕೆಯಿಂದ ಹಾಗಾಯಿತು ಅಕ್ಕ, ಆ ಹೆದರಿಕೆ ಹುಟ್ಟಿಸಿದವನು ನಾನು ಎಂದು ಓಂಕಾರಮೂರ್ತಿ ಇನ್ನೂ ಏನೇನೋ ಹೇಳಿದ. ಗಿರಿಜಕ್ಕ ಮಗುವಿನ ಮಾತು ಕೇಳುವಂತೆ ಹೂಂ, ಹೂಂ ಎನ್ನುತ್ತಾ ಕೇಳಿಸಿಕೊಂಡರು. ಕಾಫಿ ಬಂತು, ಕುಡಿದದ್ದಾಯಿತು. ಅವನು ಎದ್ದಾಗ ಅವರೂ ಎದ್ದು ಬಾಗಿಲವರೆಗೆ ಬಂದರು.

"ಓಂಕಾರ, ಆಗಾಗ ಬರ್ತಾ ಇರು. ಮುಂದೆ ಯಾವತ್ತಾದ್ರೂ ನನಗೆ ನಿನ್ನ ಗುರುತು ಹತ್ತದೆ ಹೋದ್ರೆ ಬೇಜಾರ್ ಮಾಡ್ಕೊಂಡು ವಾಪಸ್ ಹೋಗ್ಬೇಡ. ಮೂಡಿಗೆರೆ ಓಂಕಾರ ಅಂತ ಹೇಳು. ನೀವು ಹಾಡ್ತಿದ್ರಿ, ನಾನು ನುಡಿಸ್ತಿದ್ದೆ ಅಂತ ಹೇಳು. ನೀನು ಹೇಳಿದ್ರೆ ನಾನು ನಂಬ್ತೀನಿ," ಎಂದರು.

"ಹೇಳ್ತೀನಿ ಅಕ್ಕ," ಎಂದ ಓಂಕಾರಮೂರ್ತಿ.